ಕುದುರೆ ಹಾರುವಾಗಿನ ಸಂಗೀತ

ಒಂದೇ ಸಂಗೀತವನ್ನು ಎರಡು ಕಡೆ ಕೇಳಿ ಮೂರು ಅಭಿಪ್ರಾಯ ಇಟ್ಟುಕೊಂಡಿರುವ ಮನುಷ್ಯ ನಾನು. ಇದು ವಿದ್ವತ್ತಲ್ಲ, ಗೊಂದಲ. ಸಂಗೀತದಲ್ಲಿ ನನ್ನ ಜ್ಞಾನ ಎಷ್ಟೆಂದರೆ, ಪಿಟೀಲು ಯಾವುದು, ಸಾರಂಗಿ ಯಾವುದು ಎಂದು ಕಣ್ಣಿಗೆ ಕಂಡರೆ ಮಾತ್ರ ಹೇಳಬಲ್ಲೆ. ಹಾಗಿದ್ದೂ ಕೆಲವು ವಾರಗಳಿಂದ ಹಾನಗಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಳೆಯ ಮಾಯಾಜಾಲದ ಸಿನಿಮಾವೊಂದರ ಸಂಗೀತವನ್ನೂ ಅದರದೇ ಕ್ಯಾಸೆಟ್ಟಿನ ಸಂಗೀತವನ್ನೂ ಹೋಲಿಸುತ್ತಿದ್ದೇನೆ. ಮಾಸ್ತರರಿಗೆ ನಿವೃತ್ತಿಯಾದ ಮೇಲೆ ಭಕ್ತಿ ಹುಟ್ಟಿತು, ದಿನವೂ ಕಣ್ಣು ಮುಚ್ಚಿ ವಚನ ಕೇಳುತ್ತಾರೆ ಎಂದು ಓಣಿಯವರು ತಿಳಿದಿದ್ದಾರೆ. ನಾನು ತಿದ್ದಿಲ್ಲ. ಗೌರವ ತಾನಾಗಿ ಬಂದರೆ ಯಾಕೆ ಬೇಡ ಅನ್ನಬೇಕು.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಅದನ್ನು ನೋಡಿದ್ದೀರಿ ಎಂದು ನಿಮಗೆ ನೆನಪಾಗುತ್ತದೆ, ನಿಮ್ಮ ನೆನಪೂ ಬಂದು ಈ ಗೊಂದಲದಲ್ಲಿ ಸೇರಿಕೊಳ್ಳುತ್ತದೆ. ಕತೆ ಇಷ್ಟೇ: ಒಬ್ಬ ರಾಜಕುಮಾರ, ಅವನಿಗೊಂದು ಹಾರುವ ಕುದುರೆ, ಇಬ್ಬರನ್ನೂ ಕಂಡರಾಗದ ಒಬ್ಬ ಮಾಂತ್ರಿಕ. ಕುದುರೆ ಮೊದಲ ಸಲ ನೆಲ ಬಿಟ್ಟು ಏಳುವಾಗ ಒಂದು ಸಂಗೀತ ಬರುತ್ತದೆ. ನಮ್ಮ ಅವ್ವ ಅದನ್ನು ಗುನುಗುತ್ತಿದ್ದಳು. ಸವಣೂರಿನ ನಮ್ಮ ಮನೆಯಲ್ಲಿ ಜೋಗುಳ ಎಂದರೆ ಅದೇ.

ಈಗ ಅದು ಯಾಕೆ ಬೇಕಾಯಿತೆಂದರೆ, ಹಂಸಭಾವಿಯಲ್ಲಿರುವ ನನ್ನ ಅಕ್ಕನಿಗೆ ಮೊಮ್ಮಗಳು ಹುಟ್ಟಿದಳು. ಅಕ್ಕ ಫೋನ್ ಮಾಡಿದಳು. "ತಮ್ಮಾ, ಅವ್ವ ಗುನುಗ್ತಿದ್ಲಲ್ಲ, ಆ ಕುದರಿದ್ದು, ಅದನ್ನ ಹುಡುಕಿ ಕೊಡು. ಕೂಸಿನ್ನ ತೊಟ್ಟಿಲಕ್ಕ ಹಾಕೋ ದಿನ ಹಚ್ಚೋಣು. ಮೊಬೈಲ್‌ನ್ಯಾಗ ಎಲ್ಲಾ ಸಿಗ್ತೈತಂತ. ನೀ ಓದಿದಾಂವ, ನಿನಗ ಸಿಗಲಿಲ್ಲಂದ್ರ ಇನ್ಯಾರಿಗೆ ಸಿಗಬೇಕು?" ಓದಿದವನು ಎಂಬ ಮಾತನ್ನು ಅಕ್ಕ ನನಗೆ ಕೆಲಸ ಹಚ್ಚುವಾಗ ಮಾತ್ರ ಬಳಸುತ್ತಾಳೆ.

ಹುಡುಕಲು ಒಪ್ಪಿಕೊಂಡೆ. ಅದರಲ್ಲಿ ನನ್ನದೂ ಒಂದು ಸ್ವಾರ್ಥವಿತ್ತು. ಆ ಸಿನಿಮಾವನ್ನು ಸವಣೂರಿನ ಹೊರಗೆ ಬಂದಿದ್ದ ಟೂರಿಂಗ್ ಟಾಕೀಸಿನಲ್ಲಿ ನಾವು ನೋಡಿದ್ದು. ಟೆಂಟಿನಲ್ಲಿ ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ. ನಾನು ಸಣ್ಣವನಾದ್ದರಿಂದ ಹೆಂಗಸರ ಕಡೆ. ಕುದುರೆ ಮೇಲೆದ್ದಾಗ ಅಂಜಿ ಕಣ್ಣು ಮುಚ್ಚಿದೆ. ಆಗ ಕತ್ತಲಲ್ಲಿ ಬಳೆ ತೊಟ್ಟ ಕೈಯೊಂದು ನನ್ನ ಕೈ ಹಿಡಿಯಿತು. ಅವ್ವನ ಕೈ. ಅವ್ವನನ್ನು ನೀವು ನೋಡಿಲ್ಲ, ಆದ್ದರಿಂದ ಇದರ ಬೆಲೆ ನಿಮಗೆ ತಿಳಿಯಲಿಕ್ಕಿಲ್ಲ. ತೋಟದಿಂದ ಬಂದ ವೀಳ್ಯದೆಲೆ ಜೋಡಿಸುವುದು, ರೊಟ್ಟಿ ಬಡಿಯುವುದು, ಮತ್ತೆ ಎಲೆ. ಆಕೆಯ ಕೈ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಆ ಒಂದು ಸಂಜೆ ಮಾತ್ರ. ಅವ್ವ ತನ್ನ ಖುಷಿಗೆಂದು ಮನೆ ಬಿಟ್ಟು ಹೋಗಿ ಕೂತದ್ದೂ ಅದೊಂದೇ ಸಲ. ಆ ಸಂಜೆ ನಿಜವಾಗಿ ಇತ್ತೋ ಇಲ್ಲವೋ ಎಂಬುದು ಈ ವಯಸ್ಸಿನಲ್ಲಿ ನನಗೆ ದೊಡ್ಡ ಪ್ರಶ್ನೆ.

ಯಾಕೆ ಅನುಮಾನ ಅನ್ನುತ್ತೀರಾ? ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವನು. ಬರೆದಿಟ್ಟರೆ ನೆನಪು ಗಟ್ಟಿಯಾಗುತ್ತದೆ ಎಂದು ನಂಬಿದ್ದೆ. ಆದದ್ದೇನೆಂದರೆ, ಘಟನೆಗಳು ಮರೆತು, ನಾನು ಅವುಗಳ ಮೇಲೆ ಬರೆದ ವಾಕ್ಯಗಳು ಮಾತ್ರ ನೆನಪುಳಿದಿವೆ. ಟೆಂಟಿನ ಸಂಜೆಯನ್ನು ಬರೆದದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ಧಾರವಾಡದ ಹಾಸ್ಟೆಲಿನಲ್ಲಿ, ಮೆಸ್ಸಿನ ಊಟ ಸೇರದೆ ಮನೆ ನೆನಪಾದ ಒಂದು ದಿನ. ಹಸಿದವನು ಬರೆದ ಇತಿಹಾಸದಲ್ಲಿ ಅವ್ವ ಬರದೆ ಇರುತ್ತಾಳೆಯೇ?

ಸಿನಿಮಾ ಫೋನಿನಲ್ಲೇ ಸಿಕ್ಕಿತು. ಕಪ್ಪು-ಬಿಳುಪು, ಮೇಲೆಲ್ಲ ಗೀರು. ಕುದುರೆ ಹಾರುವ ದೃಶ್ಯ ಬಂತು. ಮೊದಲು ಕೊಳಲು ಒಂದೇ. ಆಮೇಲೆ ಪಿಟೀಲುಗಳು (ಎಂದು ನಾನು ತಿಳಿದಿದ್ದೇನೆ) ಸೇರುತ್ತವೆ. ನಡುವೆ ಕುದುರೆಯ ಗೊರಸಿನ ಸದ್ದು, ಟಪ್ ಟಪ್ ಟಪ್ ಎಂದು ಜೋರಾಗುತ್ತ ಹೋಗಿ, ಗೊರಸು ನೆಲ ಬಿಟ್ಟ ಕ್ಷಣ ಎಲ್ಲ ನಿಂತು ಬಿಡುತ್ತದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಕೊಳಲು, ಈ ಸಲ ಬಹಳ ಎತ್ತರದಲ್ಲಿ. ಇನ್ನೇನು ಅದು ಒಂದು ಕಡೆ ಹೋಗಿ ಮುಟ್ಟಬೇಕು ಅನ್ನುವಷ್ಟರಲ್ಲಿ ಮಾಂತ್ರಿಕ ನಗಲು ಶುರು ಮಾಡುತ್ತಾನೆ. ಸಂಗೀತ ಅವನ ನಗೆಯಡಿ ಸತ್ತು ಹೋಗುತ್ತದೆ.

ಕ್ಯಾಸೆಟ್ಟು ಸಿಕ್ಕದ್ದು ಸವಣೂರಿನಲ್ಲಿ, ಗೆಳೆಯ ಶಫಿಯ ಹತ್ತಿರ. ಬಂಕಾಪುರದಲ್ಲಿ ಬಸ್ ಬದಲಿಸಿ ಅವನ ಖಾರದ ತಿನಿಸಿನ ಅಂಗಡಿಗೆ ಹೋದೆ. ಅವನಪ್ಪ ಅಂಗಡಿ ನಡೆಸುವಾಗ ಇದರ ಗ್ರಾಮಫೋನ್ ತಟ್ಟೆಯನ್ನು, ಮುಂದೆ ಅದರಿಂದಲೇ ಇಳಿಸಿಕೊಂಡ ಈ ಕ್ಯಾಸೆಟ್ಟನ್ನು, ಹಗಲೆಲ್ಲ ಹಚ್ಚುತ್ತಿದ್ದರು, ಅದನ್ನು ಕೇಳುತ್ತಲೇ ಗಿರಾಕಿಗಳು ಖಾರ ಕಟ್ಟಿಸಿಕೊಂಡು ಹೋಗುತ್ತಿದ್ದರು. ಶಫಿ ಟೇಪ್ ರೆಕಾರ್ಡರಿನ ಧೂಳು ಊದಿ, ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ಹಾಕಿ ತಿರುವಿ, ಹಚ್ಚಿದ. ಅದೇ ಕೊಳಲು. ಆದರೆ ಗೊರಸಿಲ್ಲ, ಮೌನವಿಲ್ಲ, ಮಾಂತ್ರಿಕನಿಲ್ಲ. ಗೊರಸು ಇರಬೇಕಾದ ಕಡೆ ಸಂತೂರು ಬಂದು ಕೂತಿದೆ; ಅದು ಸಂತೂರು ಎಂದು ಹೇಳಿದವನು ಶಫಿ. ಕೊನೆಗೆ ಹೆಂಗಸರ ಗುಂಪೊಂದು 'ಆ' ಎಂದು ರಾಗ ಎಳೆದು ಎಲ್ಲವನ್ನೂ ಮೆಲ್ಲಗೆ ಇಳಿಸುತ್ತದೆ. ನನಗೆ ಅದೂ ಪರಿಚಯದ್ದೇ ಅನ್ನಿಸಿತು. ಹಾಗಾದರೆ ನನ್ನ ತಲೆಯಲ್ಲಿರುವುದು ಯಾವುದು?

"ಆ ಸಿನಿಮಾಕ್ಕ ನಮ್ಮವ್ವ ಬಂದಿದ್ಲೇನೋ ಶಫಿ? ನೀ ನಮ್ಮ ಜೋಡಿನ ಇದ್ದಿ," ಎಂದು ಕೇಳಿದೆ.

"ಬಂದಿದ್ರಲ್ಲ. ನನಗ ಶೇಂಗಾ ಕೊಟ್ಟಿದ್ರು."

"ಖರೇನ?"

ಶಫಿ ಟೇಪಿನ ದನಿ ಇಳಿಸಿದ. "ಶೇಂಗಾ ಕೊಟ್ಟಿದ್ದು ಖರೇ. ಅದು ಈ ಸಿನಿಮಾಕ್ಕೋ, ನಿಮ್ಮ ಮನಿ ಕಟ್ಟಿಮ್ಯಾಲೋ ನೆನಪಿಲ್ಲ. ನಿನಗ ಯಾವುದು ಬೇಕು ಹೇಳು ಮಾಸ್ತರ, ಅದನ್ನ ನೆನಸ್ತೇನಿ."

ಇಂಥ ಸಾಕ್ಷಿಗಳು ಸಿಕ್ಕಿದ್ದರೆ ಇತಿಹಾಸ ಬರೆಯುವುದು ಎಷ್ಟು ಸುಲಭವಾಗುತ್ತಿತ್ತು ಎಂದುಕೊಂಡು, ಖಾರದ ಪೊಟ್ಟಣ ಹಿಡಿದು ಬಸ್ಸು ಹತ್ತಿದೆ. ಕ್ಯಾಸೆಟ್ಟಿನ ಸಂಗೀತ ನನ್ನ ಫೋನಿನಲ್ಲಿ ಇಳಿದಿತ್ತು, ಹಿಂದೆ ಶಫಿಯ ಗಿರಾಕಿಯೊಬ್ಬರು ಕಾಲು ಕಿಲೋ ಕೇಳಿದ ದನಿಯ ಸಮೇತ.

ಇತಿಹಾಸದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಎಂ.ಎ. ಓದುವಾಗ ನಾನು ಕಲಿತ ಉಪಯುಕ್ತ ಪಾಠ ಒಂದೇ: ಕಲ್ಲಿನ ಮೇಲಿರುವ ಶಾಸನ ಬೇರೆ, ಪುಸ್ತಕದಲ್ಲಿ ಅಚ್ಚಾದ ಅದರ ಪಾಠ ಬೇರೆ. ಕಲ್ಲಿಗೆ ಮಳೆ ಬಡಿದಿರುತ್ತದೆ, ಎಣ್ಣೆ ಸುರಿದಿರುತ್ತಾರೆ, ಎಮ್ಮೆ ಬೆನ್ನು ತಿಕ್ಕಿಕೊಂಡಿರುತ್ತದೆ. ಪುಸ್ತಕದಲ್ಲಿ ಎಮ್ಮೆ ಇರುವುದಿಲ್ಲ. ಅಳಿಸಿದ ಅಕ್ಷರಗಳನ್ನು ಊಹಿಸಿ ತುಂಬಿರುತ್ತಾರೆ. ಓದಲು ಪುಸ್ತಕವೇ ಸುಖ. ಶಿಗ್ಗಾವಿಯಲ್ಲಿ ಪಾಠ ಹೇಳುವಾಗ ಹುಡುಗರನ್ನು ಕರೆದುಕೊಂಡು ಹೋಗಿ ಕಲ್ಲು ತೋರಿಸಿದರೆ, "ಸರ, ಪುಸ್ತಕದಾಗಿಂದ ಛಲೋ ಐತ್ರಿ" ಅನ್ನುತ್ತಿದ್ದರು. ನಮ್ಮ ಸಿನಿಮಾ ಕಲ್ಲು, ಕ್ಯಾಸೆಟ್ಟು ಪುಸ್ತಕ. ಹೀಗೆ ಹೋಲಿಸಿದ ಮೇಲೆ ನನಗೆ ಬಹಳ ಸಮಾಧಾನವಾಯಿತು. ಹೋಲಿಕೆಯಿಂದ ಏನೂ ತಿಳಿಯದಿದ್ದರೂ ತಿಳಿದಂತೆ ಅನ್ನಿಸುವುದು ಓದಿದವರ ಒಂದು ಸುಖ.

ಆದರೆ ಇದರಿಂದ ಒಂದು ಉಪಾಯ ಹೊಳೆಯಿತು. ಅವ್ವ ಗುನುಗುತ್ತಿದ್ದದ್ದು ಕ್ಯಾಸೆಟ್ಟಿನದಾಗಿದ್ದರೆ ಶಫಿಯ ಅಂಗಡಿಯ ಮುಂದೆ ಹಾದು ಹೋಗುವಾಗ ಕಲಿತದ್ದು. ಸಿನಿಮಾದ್ದಾಗಿದ್ದರೆ ಟೆಂಟಿನಲ್ಲಿ ಕೂತು ಕಲಿತದ್ದು. ಕೂತಿದ್ದರೆ, ಕತ್ತಲಲ್ಲಿ ಹಿಡಿದದ್ದು ಆಕೆಯ ಕೈ. ಅವ್ವ ಹೇಗೆ ಗುನುಗುತ್ತಿದ್ದಳು ಎಂದು ನನ್ನನ್ನು ಕೇಳಿದರೆ ಉಪಯೋಗವಿಲ್ಲ, ನಾನು ಎರಡನ್ನೂ ಅಷ್ಟು ಸಲ ಕೇಳಿ ಕೆಟ್ಟಿದ್ದೆ. ಏನನ್ನೂ ಕೇಳದೆ ಉಳಿದವಳು ಅಕ್ಕ ಒಬ್ಬಳೇ.

ತೊಟ್ಟಿಲಿಗೆ ಹಾಕುವ ದಿನ ಮುಂಜಾನೆಯೇ ಹಂಸಭಾವಿ ಮುಟ್ಟಿದೆ. ಬಂದವರಿಗೆ ಮಾಡುವ ಅಡುಗೆಯ ನಡುವೆ ಅಕ್ಕನನ್ನು ಪಡಸಾಲೆಗೆ ಕರೆದು ಎರಡನ್ನೂ ಕೇಳಿಸಿದೆ. ಆಕೆ ಕೈಯಲ್ಲಿನ ಹಿಟ್ಟು ಸೆರಗಿಗೆ ತಾಗದಂತೆ ಕೈ ಎತ್ತಿ ಹಿಡಿದು ಕೇಳಿದಳು.

"ಇದಲ್ಲ," ಎಂದಳು ಕ್ಯಾಸೆಟ್ಟಿಗೆ. ಸಿನಿಮಾದ್ದನ್ನು ಕೇಳಿ, "ಇದೂ ಅಲ್ಲ. ಹತ್ರ ಐತಿ, ಆದ್ರ ಅಲ್ಲ."

"ಹಂಗಾರ ಹ್ಯಾಂಗಿತ್ತು? ನೀನ ಅಂದು ತೋರ್ಸು."

ಅಕ್ಕ ನಾಚಿದಳು. ಅರವತ್ತು ದಾಟಿದ ಅಕ್ಕ ನಾಚಿದ್ದನ್ನು ನೋಡಿ ನಾನು ಬೇರೆ ಕಡೆ ಮುಖ ತಿರುಗಿಸಿದೆ. ಆಮೇಲೆ ಗುನುಗಿದಳು. ಕೊಳಲಿನ ಭಾಗ ಬಂತು, ಪಿಟೀಲಿನ ಭಾಗ ಬಂತು. ಅಲ್ಲಿ ಬಾಯಿ ನಿಲ್ಲಿಸಿ, ಹಿಟ್ಟನ್ನೂ ಮರೆತು ಅಂಗೈಯಿಂದ ತನ್ನ ತೊಡೆಯ ಮೇಲೆ ತಟ್ಟಿದಳು, ಪಟ್ ಪಟ್ ಪಟ್ ಎಂದು, ಜೋರಾಗುತ್ತ. ಒಂದು ಉಸಿರು ಸುಮ್ಮನಿದ್ದಳು. ಮತ್ತೆ ಎತ್ತರದ ದನಿ.

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಅಕ್ಕಾ, ಇದು ಗೊರಸು. ಗೊರಸಿನ ಸದ್ದು ಕ್ಯಾಸೆಟ್ಟಿನ್ಯಾಗ ಇಲ್ಲ, ಸಿನಿಮಾದಾಗ ಮಾತ್ರ ಐತಿ. ಅವ್ವ ಸಿನಿಮಾಕ್ಕ ಬಂದಿದ್ಲು. ನನ್ನ ಕೈ ಹಿಡದಿದ್ಲು." ವರ್ಷಗಟ್ಟಲೆ ಹುಡುಗರಿಗೆ ಆಧಾರ, ಆಧಾರ ಎಂದು ಬಡಿದುಕೊಂಡವನಿಗೆ ಜೀವನದಲ್ಲಿ ಮೊದಲ ಸಲ ಒಂದು ಆಧಾರ ಸಿಕ್ಕಿತ್ತು.

"ಕುಂದ್ರು," ಎಂದಳು ಅಕ್ಕ. "ಟೆಂಟಿನಾಂವ ಒಂದು ಭೋಂಗಾ ಸ್ಪೀಕರ್ ಹೊರಗ ಕಟ್ಟಿರ್ತಿದ್ದ, ಊರ ಕಡೆ ಮಾರಿ ಮಾಡಿ. ಕೇಳಿ ಮಂದಿ ಬರ್ಲಿ ಅಂತ. ನಮ್ಮ ಹಿತ್ತಲದಾಗ ಕುಂತ್ರ ಪೂರಾ ಸಿನಿಮಾ ಕೇಳತಿತ್ತು. ಓಣ್ಯಾಗಿನ ಹೆಂಗಸ್ರೆಲ್ಲ ಅದ್ರ ಮ್ಯಾಲ ಅಡಗಿ ಮಾಡೋರು. ಕುದರಿ ಓಡಾಕತ್ತಿತು ಅಂದ್ರ ಅವ್ವ ರೊಟ್ಟಿ ಬಡ್ಯಾಕ ಕುಂದ್ರಾಕಿ. ಮಾಂತ್ರಿಕ ಸತ್ತ ಅಂದ್ರ ಪಲ್ಯಾಕ್ಕ ವಗ್ಗರಣಿ. ಟೆಂಟಿನಿಂದ ಗಂಡಸ್ರು ಮನಿಗೆ ಬರೋದ್ರಾಗ ತಾಟು ಹಾಕಿರಬೇಕಲ್ಲ."

"ಅಂದ್ರ ಆ ತಟ್ಟೋದು?"

"ರೊಟ್ಟಿ ಬಡಿಯೋದು. ಕುದರಿ ಓಡೋದಕ್ಕ ಸರಿಯಾಗಿ ಬಡೀತಿದ್ಲು. ನಿನ್ನ ಮಲಗಸುವಾಗ ಬೆನ್ನಿನ ಮ್ಯಾಲೂ ಹಂಗ. ಮುಂದ ಮಾಂತ್ರಿಕ ನಗೋ ಹೊತ್ತಿಗೆ ರೊಟ್ಟಿ ಹೆಂಚಿಗೆ ಹಾಕಾಕಿ. ಅದಕ್ಕ ಆಕಿ ಹಾಡು ಎಂದೂ ಮುಗೀಲಿಲ್ಲ."

ನನ್ನ ಆಧಾರ ನನ್ನ ಕಣ್ಣೆದುರಿಗೇ ರೊಟ್ಟಿಯಾಗಿ ಹೋಯಿತು. ಆದರೂ ಕೈ ಒಂದು ಉಳಿದಿತ್ತಲ್ಲ. "ಬಳಿ ಹಾಕ್ಕೊಂಡ ಕೈ ನನಗ ನೆನಪೈತಿ," ಎಂದೆ, ಸೋಲುವವನು ಕೊನೆಯ ದಾಳ ಎಸೆದಂತೆ.

"ನಾ ಏನ್ ಬೋಳಗೈಲೆ ಬಂದಿದ್ನ್ಯಾ?" ಎಂದಳು ಅಕ್ಕ. "ಜಾತ್ರಿ ಬಳಿ, ಹೊಸಾವು. ನೀ ಅಂಜಿ ಗಟ್ಟಿ ಹಿಡದಿ, ಎರಡು ಒಡದುವು. ಅವ್ವ ನನಗ ಬೈದ್ಲು."

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ಅವ್ವ ಬಂದಿದ್ಲು ಅವ್ವ ಬಂದಿದ್ಲು ಅಂತ ಎಲ್ಲಾರ ಮುಂದ ಖುಷಿಲೆ ಹೇಳ್ತಿದ್ದಿ. ಕೇಳಿ ಕೇಳಿ ನನಗೂ ಬಂದಿದ್ಲೇನೋ ಅನಸಾಕತ್ತಿತ್ತು. ನಂದಽ ಕೈ ಅಂದ್ರ ನಿನಗೇನು ಕಡಿಮಿ ಆಗ್ತೈತಿ, ಹೇಳು."

ಏನೂ ಕಡಿಮೆಯಾಗುವುದಿಲ್ಲ ಎಂದು ತಕ್ಷಣ ಹೇಳಬೇಕಾಗಿತ್ತು. ಹೇಳಿದೆ, ಸ್ವಲ್ಪ ತಡವಾಗಿ. ಅಕ್ಕ ಅದನ್ನು ಗಮನಿಸಿದಳು, ಆದರೆ ಬಿಟ್ಟುಬಿಟ್ಟಳು. ಹಿಟ್ಟು ಒಣಗುತ್ತಿದ್ದ ಕೈಯನ್ನೇ ನಾನು ನೋಡಿದೆ. ಆ ಸಂಜೆ ಅದು ಸಣ್ಣ ಹುಡುಗಿಯ ಕೈ; ಅದಕ್ಕೂ ಕುದುರೆ ಕಂಡು ಅಂಜಿಕೆಯಾಗಿರಬಹುದು. ಅದು ನನ್ನ ಯಾವ ಪಾಠದಲ್ಲೂ ಬಂದಿರಲಿಲ್ಲ.

ಎದ್ದು ಒಳಗೆ ಹೋಗುವಾಗ ಅಕ್ಕ ಬಾಗಿಲಲ್ಲಿ ನಿಂತಳು. "ನಾವು ಮನಿಗೆ ಬಂದ ಮ್ಯಾಲ ಅವ್ವ ಒಂದಽ ಕೇಳಿದ್ಲು, ನೆನಪೈತೇನು? ಕುದರಿ ಬಣ್ಣ ಯಾವ್ದು ಅಂತ. ದಿನಾ ಸಿನಿಮಾ ಕೇಳಾಕಿ, ಬಣ್ಣ ಮಾತ್ರ ಗೊತ್ತಿರಲಿಲ್ಲ ಆಕಿಗೆ. ನಾ ಬಿಳಿ ಅಂದ್ನಿ. ನೀ ನೀಲಿ ಅಂದಿ. ಅವ್ವ ನಿನ್ನ ಮಾತ ನಂಬಿದ್ಲು."

ಇದು ನನಗೆ ನೆನಪಿಲ್ಲ. ಎಷ್ಟು ತಡಕಾಡಿದರೂ ಇಲ್ಲ. ಆದರೆ ನನ್ನ ಹತ್ತಿರ ಇರುವ ನೆನಪುಗಳಿಗಿಂತ ಇದರ ಮೇಲೇ ನನಗೆ ಹೆಚ್ಚು ನಂಬಿಕೆ. ಸಿನಿಮಾ ನೋಡಿದವಳು ಕುದುರೆಯ ಬಣ್ಣ ಕೇಳುವುದಿಲ್ಲ. ಅವ್ವ ಟೆಂಟಿಗೆ ಬರಲಿಲ್ಲ. ನಾವು ಒಂದು ಸಲ ನೋಡಿ ಬಂದೆವು. ಆಕೆ ಅದು ಊರಲ್ಲಿದ್ದಷ್ಟು ದಿನ, ಕೈ ನಿಲ್ಲಿಸದೆ, ಒಲೆಯ ಮುಂದೆ ಕೇಳಿದಳು. ಖುಷಿ ಯಾರಿಗೆ ಹೆಚ್ಚು ಸಿಕ್ಕಿತು ಎಂದು ಈಗ ಯಾವ ಆಧಾರದ ಮೇಲೆ ಹೇಳುವುದು? ಗೊರಸು ಕೇಳಿ ರೊಟ್ಟಿ ಬಡಿದಳೋ, ರೊಟ್ಟಿ ಬಡಿಯುತ್ತ ಗೊರಸು ಓಡಿಸಿದಳೋ, ಅದೂ ಗೊತ್ತಿಲ್ಲ. ಸಿನಿಮಾದ ಕುದುರೆ ಕಪ್ಪು-ಬಿಳುಪಿನದು. ಕ್ಯಾಸೆಟ್ಟಿನಲ್ಲಿ ಕುದುರೆಯೇ ಇಲ್ಲ. ನೀಲಿ ಕುದುರೆ ಇದ್ದದ್ದು ಅವ್ವನ ಹತ್ತಿರ ಮಾತ್ರ.

ಮಧ್ಯಾಹ್ನ ಹೆಂಗಸರೆಲ್ಲ ಸೇರಿ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಅಕ್ಕನ ಅಳಿಯ ಸ್ಪೀಕರ್ ತಂದು ನನ್ನ ಮುಖ ನೋಡಿದ. ಯಾವುದನ್ನು ಹಚ್ಚಲಿ? ಫೋನನ್ನು ಕಿಸೆಯಲ್ಲೇ ಇಟ್ಟುಕೊಂಡೆ. ಅಕ್ಕ ತೊಟ್ಟಿಲ ಹಗ್ಗ ಹಿಡಿದು ತಾನೇ ಗುನುಗತೊಡಗಿದಳು. ಗೊರಸು ಬರುವಲ್ಲಿ ಬಗ್ಗಿ ಕೂಸಿನ ಬೆನ್ನು ಮೆಲ್ಲಗೆ ತಟ್ಟಿದಳು.

"ಮಾಮಾ, ಇದು ಆ ಕುದರಿ ಸಿನಿಮಾದ್ದಂತಲ್ಲ?" ಎಂದು ಬಾಣಂತಿ, ಅಕ್ಕನ ಮಗಳು, ನನ್ನನ್ನು ಕೇಳಿದಳು. "ಯಾವ ಬಣ್ಣದ ಕುದರಿ ಅದು?"

ಈ ತಿಂಗಳು ಅದನ್ನು ಎಷ್ಟೋ ಸಲ ನೋಡಿದವನು ನಾನು.

"ನೀಲಿ," ಎಂದೆ.

"ಬಿಳಿ," ಎಂದಳು ಅಕ್ಕ, ತಟ್ಟುವುದನ್ನು ನಿಲ್ಲಿಸದೆ.