ಪೀಳಮೇಡಿನ ಸಭೆಯಲ್ಲಿ ಅಳಗುಳಿಮಣೆ

ಆಗ ‘ಆ್ಯಪ್’ ಅನ್ನುವ ಮಾತು ಇನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ. ಮೊಬೈಲಿಗೆ ಪ್ರೋಗ್ರಾಂ ಬರೆಯುತ್ತೇನೆ ಎಂದರೆ ಜನ ತಮ್ಮ ಫೋನನ್ನೇ ಮುಂದಕ್ಕೆ ಚಾಚಿ, “ಹಂಗಾದ್ರೆ ಇದಕ್ಕೊಂದು ಒಳ್ಳೆ ರಿಂಗ್‌ಟೋನ್ ಹಾಕ್ಕೊಡಿ” ಅನ್ನುತ್ತಿದ್ದರು. ನಾನು ಅರಸೀಕೆರೆಯಿಂದ ಕೊಯಮತ್ತೂರಿಗೆ ಬಂದದ್ದು ಅದೇ ಕೆಲಸಕ್ಕೆ. ಗಾಂಧಿಪುರದ ಹತ್ತಿರ ಮೋಟಾರ್ ಪಂಪಿನ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಂಪನಿ. ಕೆಳಗೆ ಪಂಪು ಓಡಿಸಿ ನೋಡಿದಾಗಲೆಲ್ಲ ಮೇಲೆ ನಮ್ಮ ಮೇಜುಗಳು ಗುಂಯ್ ಅನ್ನುತ್ತಿದ್ದವು. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಸರಕಿನ ವಿವರವನ್ನು ಫೋನಿನಲ್ಲೇ ತೋರಿಸುವಂಥ ಸಣ್ಣ ಸಣ್ಣ ಪ್ರೋಗ್ರಾಂ ಮಾಡುವುದು ನಮ್ಮ ಕಸುಬು. ಕೀಪ್ಯಾಡ್ ಫೋನು, ಬೆಂಕಿಪೊಟ್ಟಣದಷ್ಟು ಪರದೆ, ಅಂಗೈಯಗಲ ಜಾಗದಲ್ಲಿ ಇಡೀ ಸಂಸಾರ ಹೂಡಿದ ಹಾಗೆ. ಆದರೂ ನಾನು ಬರೆದದ್ದು ಇನ್ನೊಬ್ಬರ ಜೇಬಿನಲ್ಲಿ ಓಡಾಡುತ್ತದೆ ಅನ್ನುವುದೇ ನನಗೆ ದೊಡ್ಡ ಹಿಗ್ಗು.

ಪಕ್ಕದ ಮೇಜಿನಲ್ಲಿ ಉಡುಮಲೈಪೇಟೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ತಿಂಗಳುಗಟ್ಟಲೆ ನಾವಿಬ್ಬರೂ ನನ್ನ ಹರಕು ತಮಿಳು, ಅವಳ ಅವಸರದ ಇಂಗ್ಲಿಷಿನಲ್ಲೇ ಮಾತಾಡಿಕೊಂಡಿದ್ದೆವು. ಒಂದು ಮಧ್ಯಾಹ್ನ ಅವಳ ಮನೆಯಿಂದ ಫೋನು ಬಂತು.

“ಉಂಡೆ ಮಾ. ಸನಿಕ್ಕೆಳಮೆ ಲೀವು, ಬತ್ತೀನಿ. ಅವ್ವನ್ನ ಕೇಳಿದೆ ಅಂತ ಏಳು.”

ನನ್ನ ಕೈಯಲ್ಲಿದ್ದ ಟೀ ಲೋಟ ಹಾಗೇ ನಿಂತಿತು. ರಾಗ ತಮಿಳಿನದು, ಶನಿವಾರವೂ ತಮಿಳಿನದು, ಮಿಕ್ಕದ್ದೆಲ್ಲ ಕನ್ನಡ!

“ಏ, ನೀನು ಕನ್ನಡದವಳಾ?”

ಅವಳು ನಾಚಿದಳು. “ಮನೇಲಿ ಪೇಸೋದು ಇದೇ ಅಕ್ಕಾ. ಓದಕ್ಕೆ ಬರಾದಿಲ್ಲ. ನೀವು ಊರಿಗೆ ಫೋನ್ ಮಾಡ್ವಾಗ ನಿಮ್ಮ ಕನ್ನಡ ಕೇಳಿದ್ದೀನಿ, ರೇಡಿಯೋದಲ್ಲಿ ಬರೋ ಹಂಗೆ ಇರುತ್ತೆ, ಅದ್ಕೇ ಬಾಯಿ ಬಿಡ್ಲಿಲ್ಲ.”

ಅವತ್ತಿನಿಂದ ನಮ್ಮ ಮೇಜುಗಳ ನಡುವೆ ಮಾತು ನಿಲ್ಲಲೇ ಇಲ್ಲ. ಅವರ ಮನೆಯವರು ಎಷ್ಟೋ ತಲೆಮಾರಿನ ಹಿಂದೆ ಕನ್ನಡನಾಡಿನಿಂದ ಬಂದು ಅಲ್ಲೇ ಬೇಸಾಯ ಹಿಡಿದವರು, ಈಗ ತೆಂಗಿನಕಾಯಿ ವ್ಯಾಪಾರ. ಒಂದು ದಿನ ಮಾತಿಗೆ ಮಾತು ಸೇರಿ ಅಳಗುಳಿಮಣೆಯ ವಿಷಯ ಬಂತು. ಅವಳು ಅದನ್ನು ಪಲ್ಲಾಂಗುಳಿ ಅಂದಳು. ಎರಡು ಸಾಲು, ಸಾಲಿಗೆ ಏಳು ಗುಳಿ, ಅದರೊಳಗೆ ಹುಣಸೆಬೀಜ. ಆಡುವವರಿಬ್ಬರಿಗೆ ಒಂದೊಂದು ಸಾಲು, ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗುವುದು. ಇದ್ದಕ್ಕಿದ್ದಂತೆ ಅವಳು ತನ್ನ ಫೋನಿನ ಗುಂಡಿಗಳನ್ನೇ ದಿಟ್ಟಿಸಿ ನೋಡಿದಳು.

“ಅಕ್ಕಾ, ಒಂದರಿಂದ ಏಳು! ಯಾವ ಗುಳಿ ಬೇಕೋ ಆ ಗುಂಡಿ ಒತ್ತಿದ್ರೆ ಆಯ್ತಲ್ಲ!”

ಅಷ್ಟೇ. ಕಂಪನಿಯ ಕೆಲಸ ಮುಗಿದ ಮೇಲೆ ನಮಗೆ ಅದೇ ಧ್ಯಾನ. ಬೀಜಗಳ ಚಿತ್ರ ಅವಳು ಬರೆದಳು, ಫೋನೇ ಎದುರಾಳಿಯಾಗಿ ಆಡುವ ಬುದ್ಧಿಯನ್ನು ನಾನು ಬರೆದೆ. ನಿಯಮಗಳನ್ನು ಮಾತ್ರ ಅವಳ ಮನೆಯಲ್ಲಿ ಆಡುವ ಹಾಗೇ ಇಟ್ಟೆವು. ನಮ್ಮೂರಿನ ಆಟ ನನಗೇ ಅರ್ಧ ಮರೆತಿತ್ತು.

ಅಷ್ಟರಲ್ಲಿ ಪೀಳಮೇಡಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೊಬೈಲ್ ಡೆವಲಪರುಗಳ ಸಮ್ಮೇಳನ ನಡೆಯುತ್ತದೆ, ಮಾತಾಡುವವರು ವಿಷಯ ಕಳಿಸಬಹುದು ಎಂದು ಗೊತ್ತಾಯಿತು. ‘ಸಣ್ಣ ಫೋನಿನಲ್ಲಿ ಹಳೆಯ ಆಟ’ ಎಂದು ಬರೆದು ಕಳಿಸಿಯೇಬಿಟ್ಟೆವು. ಒಪ್ಪಿಗೆಯ ಮೇಲ್ ಬಂದಾಗ ಅವಳು ಕುರ್ಚಿಯಿಂದ ಎದ್ದು ನಿಂತು ಮತ್ತೆ ಕೂತಳು. ನಾನು ಅದನ್ನು ಮತ್ತೆ ಮತ್ತೆ ಓದಿದೆ, ಬೇರೆ ಯಾರಿಗೋ ಬರೆದದ್ದು ತಪ್ಪಿ ಬಂದಿದೆಯೇನೋ ಅಂತ.

ಸಮ್ಮೇಳನದ ದಿನ ಸಭಾಂಗಣ ತುಂಬಿತ್ತು. ಚೆನ್ನೈಯಿಂದ, ಬೆಂಗಳೂರಿನಿಂದ ಬಂದವರು ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು, ನಮಗೆ ಅರ್ಥವಾಗದ ಹೊಸ ಹೊಸ ಹೆಸರುಗಳನ್ನು ಸಲೀಸಾಗಿ ಆಡುತ್ತಿದ್ದರು. ನಮಗಿಂತ ಮುಂಚೆ ಮಾತಾಡಿದವರು ಫೋನಿನ ಭವಿಷ್ಯದ ಬಗ್ಗೆ ಹೇಳಿದರು. ಗುಂಡಿಗಳೇ ಹೋಗುತ್ತವಂತೆ, ಬರೀ ಗಾಜನ್ನು ಮುಟ್ಟುವುದಂತೆ. ನಾನು ಕೇಳಿದಷ್ಟೂ ಮೈ ಜುಮ್ಮೆನ್ನುತ್ತಿತ್ತು, ಜೊತೆಗೆ ನಮ್ಮ ಹುಣಸೆಬೀಜ ಇಲ್ಲಿ ಯಾರಿಗೆ ಬೇಕು ಅಂತಲೂ ಅನ್ನಿಸುತ್ತಿತ್ತು.

ನಮ್ಮ ಸರದಿ ಬಂತು. ಬಾಯಿಪಾಠ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಮುಂದಿನ ಸಾಲಿನಲ್ಲಿ ಇಬ್ಬರು ಆಕಳಿಸಿದರು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಆಟ ತೆರೆದು, ದೊಡ್ಡ ಪರದೆಯ ಮೇಲೆ ಹಾಕಿ, ಯಾರಾದರೂ ಬಂದು ಆಡಬಹುದು ಅಂದೆ. ಎತ್ತರದ ಆಸಾಮಿಯೊಬ್ಬ, ಊರು ಪೊಳ್ಳಾಚಿಯಂತೆ, ಚೆನ್ನೈ ಕಂಪನಿಯ ಟೀಶರ್ಟ್ ಹಾಕಿಕೊಂಡು ವೇದಿಕೆ ಹತ್ತಿದ. ಚೆನ್ನಾಗಿಯೇ ಆಡಿದ. ಕಂಪ್ಯೂಟರಿನ ಸರದಿಯಲ್ಲಿ ಅವನ ಸಾಲಿನ ಒಂದು ಗುಳಿಗೆ ಬೀಜ ಬಿದ್ದು ನಾಲ್ಕು ಕೂಡಿದ್ದೇ ತಡ, ನಮ್ಮ ಪ್ರೋಗ್ರಾಂ ಅವನ್ನು ‘ಹಸು’ ಎಂದು ತನ್ನ ಲೆಕ್ಕಕ್ಕೆ ಎತ್ತಿಕೊಂಡಿತು.

“ತಪ್ಪು! ತಪ್ಪು!” ಎಂದು ಅವನು ತಮಿಳಿನಲ್ಲಿ ಕೂಗಿದ. “ಅದು ನನ್ನ ಕಡೆಯ ಗುಳಿ. ಹಸು ನನ್ನದು. ಕಂಪ್ಯೂಟರ್ ಕಳ್ಳಾಟ ಆಡ್ತಿದೆ!”

“ಕಳ್ಳಾಟ ಅಲ್ಲ,” ಅಂದಳು ನನ್ನ ಗೆಳತಿ, ಮೈಕು ಕಸಿದುಕೊಂಡು. “ಕೊನೇ ಬೀಜ ಯಾರು ಹಾಕ್ತಾರೋ ಹಸು ಅವರದ್ದು. ಉಡುಮಲೈಯಲ್ಲಿ ಹಂಗೇ.”

“ಉಡುಮಲೈಯಲ್ಲಿ ನಿಮಗೆ ಆಡೋಕೇ ಬರಲ್ಲ!”

ಸಭೆ ಗೊಳ್ಳೆಂದು ನಕ್ಕಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕಾಲೇಜಿನ ಉಪನ್ಯಾಸಕಿಯೊಬ್ಬರು ಎದ್ದು ನಿಂತರು. ಇಬ್ಬರದೂ ತಪ್ಪು, ನಮ್ಮ ಮೆಟ್ಟುಪಾಳ್ಯಂನಲ್ಲಿ ಹಸು ಅನ್ನುವುದೇ ಇಲ್ಲ, ಖಾಲಿ ಗುಳಿಯ ಮುಂದಿನದ್ದನ್ನು ಬಾಚಿಕೊಳ್ಳುವುದೊಂದೇ ಎಂದರು. ಆಮೇಲೆ ಯಾರ ಮಾತು ಯಾರಿಗೂ ಕೇಳಲಿಲ್ಲ. ಬೆಳಗಿನಿಂದ ಗಂಭೀರವಾಗಿ ತಲೆದೂಗುತ್ತಿದ್ದ ಎಂಜಿನಿಯರುಗಳೆಲ್ಲ ಎದ್ದು ನಿಂತು, ಗಾಳಿಯಲ್ಲೇ ಬೀಜ ಬಿತ್ತುತ್ತಾ ಜಗಳಕ್ಕೆ ಬಿದ್ದರು. ಆಕಳಿಸಿದ ಇಬ್ಬರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸುತ್ತಿದ್ದರು. ಪೊಳ್ಳಾಚಿಯವನು ಸುಮ್ಮನಿರಲಿಲ್ಲ. ತನ್ನ ತಾಯಿಗೇ ಫೋನ್ ಮಾಡಿ, ಸ್ಪೀಕರ್ ಹಾಕಿ, ಮೈಕಿಗೆ ಹಿಡಿದ. ಸಭೆ ತೆಪ್ಪಗಾಯಿತು.

“ಅಮ್ಮಾ, ಪಲ್ಲಾಂಗುಳಿಯಲ್ಲಿ ಹಸು ಯಾರಿಗೆ ಸೇರುತ್ತೆ?”

ತಾಯಿಯ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು: “ಮೀಟಿಂಗು ಮೀಟಿಂಗು ಅಂತ ಹೋಗಿ ಪಲ್ಲಾಂಗುಳಿ ಆಡ್ತಾ ಕೂತಿದ್ದೀಯೇನೋ?”

ಆ ನಗುವಿನಲ್ಲಿ ನನ್ನ ಅಂಜಿಕೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಇಷ್ಟು ಜನ ಯಾಕೆ ಜಗಳವಾಡುತ್ತಿದ್ದಾರೆ? ಆಟ ಅವರದ್ದು, ಅದಕ್ಕೆ. ನಾನು ಸ್ಲೈಡುಗಳನ್ನು ಮುಚ್ಚಿ, ಕೋಡನ್ನೇ ದೊಡ್ಡ ಪರದೆಯ ಮೇಲೆ ತೆರೆದೆ.

“ಸರಿ, ಎಲ್ಲರೂ ಗೆಲ್ಲಿ,” ಅಂದೆ ನನಗೆ ಬಂದಷ್ಟು ತಮಿಳಿನಲ್ಲಿ. “ಆಟ ಶುರುವಾಗೋ ಮುಂಚೆ ಇದು ನಿಮ್ಮೂರು ಯಾವುದು ಅಂತ ಕೇಳುತ್ತೆ. ಒಂದೊಂದೇ ನಿಯಮ ಹೇಳಿ.”

ಗೆಳತಿ ಕೇಳಿ ಕೇಳಿ ಹೇಳಿದಳು, ನಾನು ಟೈಪ್ ಮಾಡಿದೆ. ಸಂಘಟಕರು ಬಾಗಿಲ ಬಳಿ ನಿಂತು ಸಮಯ ಮುಗಿಯಿತು ಎಂಬ ಹಲಗೆ ಎತ್ತಿದರು. “ಇಳಿಸಿ, ಇಳಿಸಿ” ಎಂದು ಸಭೆಯೇ ಕೂಗಿತು. ಇಳಿಸಿದರು, ನಗುತ್ತಲೇ. ನಾನು ಪ್ರೋಗ್ರಾಂ ಓಡಿಸಲು ಹೋದರೆ ಪರದೆಯ ತುಂಬ ಕೆಂಪು ದೋಷ.

“ಸೆಮಿಕೋಲನ್!” ಎಂದು ನೂರು ಬಾಯಿ ಒಟ್ಟಿಗೆ ಅಂದವು.

ಸಾಲಿನ ಕೊನೆಯಲ್ಲಿ ಬಿಟ್ಟುಹೋಗಿದ್ದ ಆ ಚಿಹ್ನೆ ಹಾಕಿದೆ. ಓಡಿತು. ಉಡುಮಲೈ, ಪೊಳ್ಳಾಚಿ, ಮೆಟ್ಟುಪಾಳ್ಯಂ ಎಂದು ಊರುಗಳು ಸಾಲಾಗಿ ಮೂಡಿದವು. ಚಪ್ಪಾಳೆಯ ಜೊತೆ ಸಿಳ್ಳೆಯೂ ಬಂತು. ನಮ್ಮಪ್ಪನ ಆಣೆಗೂ, ಡೆವಲಪರುಗಳು ಸಿಳ್ಳೆ ಹೊಡೆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ನಮ್ಮ ಸುತ್ತ ಗುಂಪು. “ಬ್ಲೂಟೂತ್ ಆನ್ ಮಾಡಿದ್ದೀನಿ, ಕಳಿಸಿ ಮೇಡಂ.” ನಾನು ನಾಲ್ಕೈದು ಜನಕ್ಕೆ ಕಳಿಸುವಷ್ಟರಲ್ಲಿ ಅವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ ದಾಟಿಸಿಬಿಟ್ಟಿದ್ದರು. ತಟ್ಟೆಯಲ್ಲಿ ಸಾಂಬಾರ್ ಅನ್ನ ತಣ್ಣಗಾಗುತ್ತಿತ್ತು. ಮೇಜು ಮೇಜಿನಿಂದ ನಮ್ಮ ಆಟದ ಟುಣ್ ಟುಣ್ ಸದ್ದು.

“ಅಕ್ಕಾ, ನಿಮ್ಮೂರು ಸೇರಿಸ್ಲೇ ಇಲ್ಲ,” ಅಂದಳು ಗೆಳತಿ, ಬಾಯಲ್ಲಿ ಅನ್ನ ಇಟ್ಟುಕೊಂಡೇ.

“ಇರು, ಮೊದ್ಲು ನಮ್ಮಮ್ಮನ್ನ ಕೇಳ್ಬೇಕು.”

ಸಂಜೆ ಕೇಳಿದೆ. ಅಮ್ಮ ಫೋನಿನಲ್ಲೇ ಅರ್ಧ ಗಂಟೆ ಹೇಳಿಕೊಟ್ಟಳು. ಮಾರನೆಯ ದಿನ ಅರಸೀಕೆರೆಯೂ ಪಟ್ಟಿಗೆ ಸೇರಿತು.

ಕೆಲವು ವಾರದ ಮೇಲೆ ಗೆಳತಿಯ ಜೊತೆ ಅವಳ ಊರಿಗೆ ಹೊರಟಿದ್ದೆ. ಉಕ್ಕಡಂ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿಯಾತ ಗಿರಾಕಿಯೊಬ್ಬರ ಫೋನಿಗೆ ಹಾಡು ತುಂಬುತ್ತಾ, “ಪಲ್ಲಾಂಗುಳಿ ಇದೆ, ಹಾಕ್ಲಾ?” ಅನ್ನುವುದು ಕಿವಿಗೆ ಬಿತ್ತು. ನಾವಿಬ್ಬರೂ ಅಲ್ಲೇ ನಿಂತುಬಿಟ್ಟೆವು. ಅವಳು ನನ್ನ ತೋಳು ಹಿಂಡಿದ ನೋವು ಈಗಲೂ ನೆನಪಿದೆ.

“ಅಣ್ಣಾ, ಅದನ್ನ ಮಾಡಿದ್ದು ನಾವು,” ಅಂದಳು.

ಆತ ನಮ್ಮನ್ನು ಮೇಲಿಂದ ಕೆಳಕ್ಕೆ ನೋಡಿದ. ನಂಬಲಿಲ್ಲ ಅನ್ನಿಸಿತು. ಆಮೇಲೆ, “ನಿಜಾನಾ? ಹಂಗಾದ್ರೆ ಮೆಟ್ಟುಪಾಳ್ಯಂ ಆಡ್ವಾಗ ಕೊನೇಲಿ ಫೋನು ಗಪ್ಪಂತ ನಿಂತ್ಹೋಗುತ್ತಲ್ಲ, ಅದನ್ನ ಸರಿ ಮಾಡ್ಕೊಡಿ. ದಿನಾ ಯಾರಾದ್ರೂ ಬಂದು ನನ್ನನ್ನ ಬೈತಾರೆ,” ಅಂದ.

ಬಸ್ಸು ಹೊರಡಲು ಹಾರ್ನ್ ಹೊಡೆಯಿತು. ನಾವು ಕಿಟಕಿ ಪಕ್ಕ ಜಾಗ ಹಿಡಿದು, ಲ್ಯಾಪ್‌ಟಾಪನ್ನು ಇಬ್ಬರ ತೊಡೆಯ ಮೇಲೂ ಬರುವಂತೆ ಇಟ್ಟುಕೊಂಡು ತೆರೆದೆವು. ಪೊಳ್ಳಾಚಿ ದಾಟುವಷ್ಟರಲ್ಲಿ ತಪ್ಪು ಸಿಕ್ಕಿತು. “ಸಿಕ್ತು!” ಎಂದು ನಾವು ಕೂಗಿದ್ದಕ್ಕೆ ಕಂಡಕ್ಟರ್ ತಿರುಗಿ ನೋಡಿ, ಏನು ಕಳೆದುಹೋಗಿತ್ತಮ್ಮಾ ಎಂದು ಕೇಳಿದರು.