ಎಂಟನೆಯ ಹಗ್ಗ

ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಿಡಿಸಿದರು ಎಂದು ಯಾರ ಮೇಲೂ ಹಾಕುವುದಿಲ್ಲ, ನಾನೇ ಬಿಟ್ಟೆ. ಹದಿನೈದಕ್ಕೆ ಮೊಸಾಯಿಕ್ ನೆಲ ಹಾಕುವುದನ್ನು ಕಲಿತೆ. ಇಪ್ಪತ್ತೆರಡಕ್ಕೆಲ್ಲ ನನ್ನ ಕೈಕೆಳಗೆ ನಾಲ್ಕು ಜನ ಇದ್ದರು. ಇವತ್ತಿಗೂ ಜಯನಗರದ, ಬನಶಂಕರಿಯ ಹಳೇ ಮನೆಗಳಿಗೆ ಹೋದರೆ ಕಾಫಿ ಬರುವುದಕ್ಕೆ ಮುಂಚೆ ನೆಲ ನೋಡುತ್ತೇನೆ. ನಾನು ಹಾಕಿದ್ದಾದರೆ ಗೊತ್ತಾಗಿಬಿಡುತ್ತದೆ.

ನೆಲ ಬಿಟ್ಟರೆ ನನಗೆ ಗೊತ್ತಿದ್ದ ಇನ್ನೊಂದು ವಿದ್ಯೆ ಜಡೆ ಕೋಲಾಟ. ಅದು ಅಪ್ಪನಿಂದ ಬಂದದ್ದು. ನಮ್ಮ ರಾಗಿ ಹೊಲದ ಮೇಲೆ ಜೆ.ಪಿ. ನಗರದ ಸೈಟುಗಳ ಕಲ್ಲು ನೆಟ್ಟ ಮೇಲೆ ನಮ್ಮ ಊರು ನಾಲ್ಕು ಬೀದಿಗೆ ಇಳಿದಿತ್ತು, ಕೋಲಾಟ ಮಾತ್ರ ಹಾಗೇ ಉಳಿದಿತ್ತು. ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಡುವೆ ಒಂದು ಕಂಬ, ಅದರ ತುದಿಗೆ ಕಟ್ಟಿದ ಎಂಟು ಬಣ್ಣದ ಎಂಟು ಹಗ್ಗ. ಎಂಟು ಜನ ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು ಹಿಡಿದು ಕಂಬ ಸುತ್ತುತ್ತಾರೆ, ನಾಲ್ಕು ಜನ ಈ ಕಡೆಯಿಂದ, ನಾಲ್ಕು ಜನ ಆ ಕಡೆಯಿಂದ. ಎದುರಾದವರು ಮೊದಲು ಕೋಲಿಗೆ ಕೋಲು ಹೊಡೆಯಬೇಕು. ಆಮೇಲೆ ಒಬ್ಬ ಹಗ್ಗ ಎತ್ತಿಕೊಂಡು ಹೊರಗಿನಿಂದ ದಾಟುತ್ತಾನೆ, ಇನ್ನೊಬ್ಬ ಬಗ್ಗಿ ಅದರ ಕೆಳಗೆ ಒಳಗಿನಿಂದ ನುಸುಳುತ್ತಾನೆ. ಮುಂದಿನವನು ಸಿಕ್ಕಾಗ ಅದಲು ಬದಲು. ಒಂದು ಸಲ ಎತ್ತಿ ಒಂದು ಸಲ ಬಗ್ಗಿ ಹೋದರೆ ಕಂಬದ ಮೇಲೆ ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣಿಗೆ ಬೀಳುತ್ತದೆ. ಪೂರ್ತಿ ಬಿದ್ದ ಮೇಲೆ ಹಿಂದಕ್ಕೆ ಕುಣಿದು ಬಿಚ್ಚಬೇಕು. ಅಷ್ಟು ಹೊತ್ತೂ ಪಕ್ಕದಲ್ಲಿ ಇಬ್ಬರು ಮೂವರು ನಿಂತು ಪದ ಹಾಡುತ್ತಿರುತ್ತಾರೆ.

ಎಂಬತ್ತರ ದಶಕದ ಶುರುವಿನ ಒಂದು ವರ್ಷ ರಾಜ್ಯೋತ್ಸವಕ್ಕೆ ತಿಂಗಳಿರುವಾಗ ನಮ್ಮ ಎಂಟನೆಯವನು ಮದುವೆಯಾಗಿ ಹುಳಿಮಾವಿನ ಮಾವನ ಮನೆ ಸೇರಿಕೊಂಡ. ಹೋಗುವಾಗ ತನ್ನ ಹಗ್ಗವನ್ನೂ ತೆಗೆದುಕೊಂಡು ಹೋದ. ಅದರಲ್ಲಿ ಹಸು ಕಟ್ಟಿದ್ದಾನೆ ಎಂದು ಆಮೇಲೆ ತಿಳಿಯಿತು.

ಅದೇ ಹೊತ್ತಿಗೆ ನಾನು ನಮ್ಮ ಬಡಾವಣೆಯ ಅಂಚಿನಲ್ಲಿದ್ದ ಒಂದು ಶೆಡ್ಡಿಗೆ ನೆಲ ಹಾಕುತ್ತಿದ್ದೆ. ಕಣ್ಣು ಕಾಣದ ಹನ್ನೆರಡು ಹದಿಮೂರು ಜನ ಅಲ್ಲಿ ಬೆತ್ತದ ಕುರ್ಚಿ ಹೆಣೆಯುತ್ತಿದ್ದರು. ಪಾಲಿಶ್ ಮುಗಿಸಿದ ದಿನ ಅವರಲ್ಲೊಬ್ಬ ಬರಿಗಾಲಲ್ಲಿ ಬಾಗಿಲ ತನಕ ನಡೆದು ನಿಂತುಕೊಂಡ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು.

"ಮೇಸ್ತ್ರಿ, ಇಲ್ಲಿ ನೆಲ ತಗ್ಗಿ ಕೂತಿದೆ."

"ನಾನ್ ಹಾಕಿದ್ ನೆಲ ಕೂರಲ್ಲ ಸಾರ್."

"ಕೂತಿದೆ. ಹೆಬ್ಬೆರಳಿನಷ್ಟಗಲ."

ಅವನ ಬಾಯಿ ಮುಚ್ಚಿಸಲೆಂದೇ ರಸಮಟ್ಟ ತಂದು ಇಟ್ಟೆ. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲಲಿಲ್ಲ. ಅಷ್ಟು ಜಾಗ ಕಿತ್ತು ಮತ್ತೆ ಹಾಕಿದೆ. ಅಲ್ಲಿಂದ ನಮ್ಮ ಸ್ನೇಹ ಶುರುವಾಯಿತು ಎಂದರೆ ಸುಳ್ಳಾಗುತ್ತದೆ, ಎರಡು ದಿನ ನಾನು ಅವನ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ ಎಂಟನೆಯವನು ಕೈಕೊಟ್ಟ ಕತೆಯನ್ನು ನನ್ನ ಕೆಲಸದವನಿಗೆ ಹೇಳುತ್ತಿದ್ದಾಗ ಅವನು ಪಕ್ಕದಿಂದ, "ನಾನ್ ಬರ್ಲಾ?" ಎಂದ.

"ಪದ ಹೇಳ್ತೀರಾ?"

"ಹಂಗೇ ಕೇಳ್ತೀರ ಅಂತ ಗೊತ್ತಿತ್ತು," ಎಂದು ಅವನು ಅಲ್ಲೇ ಒಂದು ಸಾಲು ಹಾಡಿ ತೋರಿಸಿದ. ನನ್ನ ಕೆಲಸದವನು ಎದ್ದು ಹೋಗಿ ಪಾಲಿಶ್ ಮಿಷನ್ ಆನ್ ಮಾಡಿದ. "ಕೇಳಿದ್ರಲ್ಲ. ಕಣ್ಣು ಕಿತ್ಕೊಂಡೋನು ಕಂಠ ಕೊಟ್ಟಿರ್ತಾನೆ ಅಂತ ಎಲ್ರೂ ಅಂದ್ಕೊಂಡಿದಾರೆ. ನಂಗೆ ಎರಡೂ ಕೊಟ್ಟಿಲ್ಲ."

"ಮತ್ತೆ ಏನ್ ಮಾಡ್ತೀರಿ ಬಂದು?"

"ಕುಣೀತೀನಿ. ಹತ್ತು ವರ್ಷದಿಂದ ಎಲ್ಲಾ ಫಂಕ್ಷನ್ನಿಗೂ ಕರ್ಕೊಂಡ್ ಹೋಗ್ತಾರೆ, ಸ್ಟೇಜ್ ಪಕ್ಕ ಕುರ್ಚಿ ಹಾಕಿ ಕೂರಿಸ್ತಾರೆ. ಕುರ್ಚಿನೂ ನಾನೇ ಹೆಣೆದಿರೋದು. ಒಂದ್ ಸಲ ಎದ್ದು ಕುಣೀಬೇಕು ಮೇಸ್ತ್ರಿ."

ಬೇಡ ಎನ್ನಲು ನನ್ನ ಹತ್ತಿರ ಎಂಟನೆಯವನು ಇರಲಿಲ್ಲ. ಒಪ್ಪಿಕೊಂಡೆ. ನಮ್ಮವರು ಅವನನ್ನು ಬೆತ್ತದಣ್ಣ ಎಂದು ಕರೆಯತೊಡಗಿದರು. ಮಿಕ್ಕ ಹಗ್ಗಗಳು ನೂಲಿನವು. ಅವನಿಗೆ ಸೆಣಬಿನ ಹುರಿ ಹೊಸೆದು ಹಸಿರು ಬಣ್ಣ ಬಳಿದು ಕೊಟ್ಟೆವು.

ಗುಡಿಯ ಮುಂದಿನ ಬಯಲಲ್ಲಿ ದಿನಾ ಸಂಜೆ ಅಭ್ಯಾಸ. ಮೊದಲ ದಿನವೇ ನಾನು ಅವನ ತೋಳು ಹಿಡಿದು ಹೇಳಿಬಿಟ್ಟೆ: "ನೀವು ಕಂಬದ ಸುತ್ತ ಹಿಂಗೇ ನಡ್ಕೊಂಡ್ ಹೋಗ್ತಿರಿ ಸಾಕು. ಎತ್ತೋದು ಬಗ್ಗೋದು ಎಲ್ಲ ನಾವ್ ನೋಡ್ಕೋತೀವಿ." ಅವನು ಹಾಗೇ ಮಾಡಿದ. ಎದುರು ಬಂದ ಪ್ರತಿಯೊಬ್ಬನೂ ಅವನ ಕೋಲನ್ನು ಮೆಲ್ಲಗೆ ಮುಟ್ಟಿ, ತನ್ನ ಹಗ್ಗವನ್ನು ಎತ್ತಿ, ಅವನ ತಲೆಯ ಮೇಲಿಂದ ದಾಟಿಸಿಕೊಂಡು ಹೋಗುತ್ತಿದ್ದ. ನಮ್ಮ ಎಂಟು ಜನರಲ್ಲೊಬ್ಬನಾದ ಹಾಲಿನ ಬೂತಿನವನು ಆರಡಿ ಎತ್ತರದ ಆಳು. ಅವನಂತೂ "ಬನ್ನಿ ಅಣ್ಣ, ಹಿಂಗೆ ಬನ್ನಿ" ಎಂದು ಬೆನ್ನು ಸವರಿ ಕಳಿಸುತ್ತಿದ್ದ. ರಾಜ್ಯೋತ್ಸವ ಸಮಿತಿಯ ಅಧ್ಯಕ್ಷರು ಒಂದು ದಿನ ಸ್ಕೂಟರ್ ನಿಲ್ಲಿಸಿ ನೋಡಿ ಕರ್ಚೀಫಿನಲ್ಲಿ ಕಣ್ಣು ಒರೆಸಿಕೊಂಡರು. ಏನೋ ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದು ನನಗೂ ಒಳಗೊಳಗೇ ಅನಿಸಿತು.

ವಾರವಾದ ಮೇಲೆ ಒಂದು ಸಂಜೆ ಜಡೆ ಪೂರ್ತಿ ಬಿದ್ದಿತ್ತು. ಬಿಚ್ಚಲು ಹಿಂದಕ್ಕೆ ತಿರುಗುವಷ್ಟರಲ್ಲಿ ಬೆತ್ತದಣ್ಣ, "ಸ್ವಲ್ಪ ಇರಿ, ಒಂದ್ಸಲ ಮುಟ್ಟಿ ನೋಡ್ತೀನಿ," ಎಂದ. ಕೈಯಲ್ಲಿದ್ದ ಹಗ್ಗವನ್ನೇ ಹಿಡಿದುಕೊಂಡು ಕಂಬದ ಹತ್ತಿರ ಹೋದ. ಹೆಣಿಗೆಯ ಮೇಲೆ ಬೆರಳಾಡಿಸಿದ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

"ನನ್ ಹಗ್ಗ ಎಲ್ಲಿ?"

ನಾವೂ ಆಗಲೇ ಸರಿಯಾಗಿ ನೋಡಿದ್ದು. ಕಂಬದ ಮೇಲೆ ಏಳೇ ಬಣ್ಣ. ಹಸಿರು ಎಲ್ಲೂ ಕಾಣಲಿಲ್ಲ. ಎಲ್ಲರೂ ಅವನ ಹೊರಗಿನಿಂದಲೇ ದಾಟಿದ್ದರಿಂದ ಅವನ ಹಗ್ಗ ಮಿಕ್ಕ ಹಗ್ಗಗಳ ಅಡಿಯಲ್ಲಿ ಕಂಬಕ್ಕೆ ಅಂಟಿಕೊಂಡು ಕೂತಿತ್ತು. ಒಂದು ವಾರದಿಂದ ಹಾಗೇ ಆಗುತ್ತಿದ್ದಿರಬೇಕು. ಅವನು ಕುಣಿಯುವುದನ್ನು ನೋಡುವ ಸಡಗರದಲ್ಲಿ ಕಂಬದ ಕಡೆಗೆ ನಮ್ಮ ಗಮನವೇ ಹೋಗಿರಲಿಲ್ಲ.

"ನಿಮಗೆ ಸುಲಭ ಆಗ್ಲಿ ಅಂತ," ಎಂದೆ ನಾನು.

"ಸುಲಭ ಮಾಡಿ ಅಂತ ಯಾರ್ ಕೇಳಿದ್ರು? ಒಂದ್ ಎಳೆ ಬರೀ ಕೆಳಗೇ ಓಡಿದ್ರೆ ಅದು ಹೆಣಿಗೆ ಅಲ್ಲ ಮೇಸ್ತ್ರಿ. ನಾನು ಬಂದ್ರೂ ಒಂದೇ, ಬರದಿದ್ರೂ ಒಂದೇ. ಅವತ್ತು ನಮ್ ಶೆಡ್ಡಿನೋರು ಹನ್ನೆರಡೂ ಜನ ಬರ್ತಾರೆ. ಅವರು ನಿಮ್ ಅಧ್ಯಕ್ಷರ ಥರ ನೋಡಿ ಅಳೋರಲ್ಲ. ಕಂಬ ಮುಟ್ಟಿ ನೋಡ್ತಾರೆ. ನೂಲಿನ ಮಧ್ಯ ಸೆಣಬು ಸಿಕ್ಕಿಲ್ಲ ಅಂದ್ರೆ ನಾನು ಸಾಯೋ ತನಕ ಆಡ್ಕೋತಾರೆ. ಕುಣೀತೀನಿ ಅಂತ ಹೋಗಿ ವಾಕಿಂಗ್ ಮಾಡ್ಕೊಂಡ್ ಬಂದ ಅಂತ."

ನನಗೆ ಸಿಟ್ಟು ಬಂತು. ಯಾರೂ ಸೇರಿಸಿಕೊಳ್ಳದವನನ್ನು ಸೇರಿಸಿಕೊಂಡಿದ್ದೇನೆ, ನನಗೇ ಪಾಠ ಹೇಳುತ್ತಾನಲ್ಲ ಎಂದು ಕೋಲು ಎಸೆದು ಮನೆಗೆ ಹೋದೆ.

ಮುದ್ದೆ ಬಡಿಸುತ್ತಾ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಅಂದಳು: "ಜಯನಗರದ ಆ ಮನೆಯವರು ನಿಮ್ ನೆಲ ನೋಡಿ, ಓದಿಲ್ದೇ ಇರೋನಿಗೆ ಇಷ್ಟು ಬಂದ್ರೆ ಹೆಚ್ಚು ಅಂದ್ರು. ನೀವ್ ಏನ್ ಮಾಡಿದ್ರಿ?"

ಅವರ ಮನೆಯ ಕಾಫಿ ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟು ಬಂದಿದ್ದೆ. ಮತ್ತೆ ಆ ಬೀದಿಗೇ ಹೋಗಿರಲಿಲ್ಲ.

"ಅದು ಬೇರೆ," ಎಂದೆ.

"ಆಯ್ತು, ಬೇರೆ. ಸಾರು ಹಾಕ್ಲಾ?"

ಮಾರನೆಯ ಸಂಜೆ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದೆ. "ಬಾರೋ ಬೆತ್ತದಣ್ಣ. ಇವತ್ತಿಂದ ಸರಿಯಾಗಿ ಕಲಿ, ಬೈಸ್ಕೋಬೇಕಾಗುತ್ತೆ." ನೀವು ಎನ್ನುವುದು ಅವತ್ತು ಹೋಯಿತು. ಅವನಿಗೂ ಅದು ಗೊತ್ತಾಯಿತು. "ಬಂದೆ ಇರಯ್ಯ," ಎಂದ.

ಕಷ್ಟವಾದದ್ದು ಅವನಿಗಲ್ಲ, ನಮಗೆ. ಅವನು ಎಣಿಸಿಕೊಂಡು, ಒಂದು ಒಳಗೆ ಒಂದು ಹೊರಗೆ ಎಂದು ಎರಡು ದಿನದಲ್ಲಿ ಹಿಡಿದುಬಿಟ್ಟ. ಅವನು ಹೊರಗೆ ಬರುವ ಸರದಿಯಲ್ಲಿ ನಮ್ಮ ಬೆನ್ನೇ ಬಗ್ಗುತ್ತಿರಲಿಲ್ಲ. ಅಭ್ಯಾಸಬಲದಿಂದ ನಾವೂ ಹಗ್ಗ ಎತ್ತಿಕೊಂಡು ಹೊರಗೆ ಬರುತ್ತಿದ್ದೆವು, ಇಬ್ಬರೂ ಹೊರಗೇ ನಿಂತು ಎದೆಗೆ ಎದೆ ಗುದ್ದುತ್ತಿದ್ದೆವು. ಅವನ ಸೆಣಬಿನ ಹುರಿ ಹಾಲಿನವನ ಕಿವಿಗೆ ಸಿಕ್ಕಿಕೊಂಡಿತು. ನಮ್ಮಲ್ಲಿದ್ದ ಬ್ಯಾಂಕಿನ ಗುಮಾಸ್ತನ ಕನ್ನಡಕ ಎರಡು ಸಲ ಹಾರಿತು.

"ಬಗ್ಗೋ," ಎಂದು ನಾನು ಕೂಗುತ್ತಿದ್ದೆ.

"ಅವ್ರು ಎತ್ತಿದಾರೋ ಇಲ್ವೋ ಅಂತ ನೋಡ್ಕೊಂಡು ಬಗ್ತೀನಿ ಮೇಸ್ತ್ರಿ," ಎನ್ನುತ್ತಿದ್ದ ಹಾಲಿನವನು.

"ಎತ್ತಿರ್ತೀನಿ ಕಣಯ್ಯ," ಎನ್ನುತ್ತಿದ್ದ ಬೆತ್ತದಣ್ಣ. "ನೀನ್ ನೋಡೋ ಅಷ್ಟರಲ್ಲಿ ರಾಜ್ಯೋತ್ಸವ ಮುಗಿದಿರುತ್ತೆ. ಮತ್ತೆ ಕೋಲು ಸರಿಯಾಗಿ ಹೊಡಿ. ಹಾಲಿಗೆ ನೀರು ಹಾಕ್ದಂಗೆ ಹೊಡೀಬೇಡ."

ಕೋಲಿನ ಮಾತು ನಿಜ. ಎದುರಿಗಿದ್ದವನು ಎಲ್ಲಿದ್ದಾನೆ, ಎಷ್ಟು ದೂರ ಎನ್ನುವುದು ಅವನಿಗೆ ಗೊತ್ತಾಗಬೇಕಾದದ್ದು ಆ ಒಂದು ಏಟಿನಿಂದಲೇ. ಪಾಪ ಎಂದು ಮೆಲ್ಲಗೆ ಮುಟ್ಟಿದರೆ ಅವನಿಗೆ ಏನೂ ತಿಳಿಯುವುದಿಲ್ಲ. ಗಟ್ಟಿಯಾಗಿ ಹೊಡೆಯಲು ಶುರು ಮಾಡಿದ ಮೇಲೆ ಎಲ್ಲರ ಬೆರಳ ಗೆಣ್ಣುಗಳೂ ಊದಿದವು, ಅವನದೂ ಸೇರಿ. ಹತ್ತನೆಯ ದಿನ ಕಂಬದ ಮೇಲೆ ಹಸಿರು ಕಾಣಿಸಿಕೊಂಡಿತು, ಅಲ್ಲೊಂದು ಇಲ್ಲೊಂದು. ಆಮೇಲೆ ಪೂರ್ತಿ.

ರಾಜ್ಯೋತ್ಸವದ ಸಂಜೆ ಬಯಲಿನ ತುಂಬ ಜನ. ಶೆಡ್ಡಿನ ಹನ್ನೆರಡೂ ಜನ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರಲ್ಲೇ ಒಬ್ಬರಾದ, ಎಲ್ಲರಿಗೂ ಬೆತ್ತದ ಹೆಣಿಗೆ ಕಲಿಸಿದ ಹಿರಿಯರು ನಡುವೆ, ತೊಡೆಯ ಮೇಲೆ ಕೈ ಇಟ್ಟುಕೊಂಡು. ಪದ ಶುರುವಾಯಿತು. ಮೂರು ಸುತ್ತು ನೀರು ಹರಿದ ಹಾಗೆ ಹೋಯಿತು. ಬೆತ್ತದಣ್ಣ ನನಗೆದುರಾಗಿ ಹೊರಗೆ ದಾಟಿದಾಗ ನಾನು ಎಷ್ಟು ಬಗ್ಗಿದೆ ಎಂದರೆ ಟೋಪಿ ಬಿತ್ತು.

ನಾಲ್ಕನೆಯ ಸುತ್ತಿನಲ್ಲಿ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಮೈಕಿನಲ್ಲಿ, "ಮಹನೀಯರೇ, ಹಸಿರು ಹಗ್ಗ ಹಿಡಿದಿರುವವರಿಗೆ ಕಣ್ಣು ಕಾಣುವುದಿಲ್ಲ," ಎಂದರು. ಇಡೀ ಬಯಲು ಚಪ್ಪಾಳೆ ತಟ್ಟಿತು. ಆ ಸದ್ದಿನಲ್ಲಿ ಕೋಲಿನ ಏಟು ಮುಚ್ಚಿಹೋಯಿತು. ಬೆತ್ತದಣ್ಣನೆದುರು ಆಗ ಬಂದವನು ನಾನು. ಹೊರಗೆ ಬರಬೇಕಾದ ಅವನು ತಡವರಿಸಿ ಒಳಗೆ ನುಗ್ಗಿದ. ನಾನು ಹಗ್ಗ ಎತ್ತಿ ಹೊರಗೆ ದಾಟಿಕೊಂಡೆ. ಜನಕ್ಕೆ ಏನೂ ತಿಳಿಯಲಿಲ್ಲ. ಅವನ ಮುಖ ಮಾತ್ರ ಬಿಳಚಿಕೊಂಡಿತ್ತು.

ಜಡೆ ಪೂರ್ತಿಯಾದಾಗ ನಾನು ಕೈ ಎತ್ತಿ ಪದ ನಿಲ್ಲಿಸಿದೆ. ನಾವು ಎಂಟು ಜನ ಹಗ್ಗ ಬಿಗಿ ಹಿಡಿದು ನಿಂತೆವು. ಶೆಡ್ಡಿನವರು ಒಬ್ಬರ ಹೆಗಲ ಮೇಲೊಬ್ಬರು ಕೈ ಇಟ್ಟುಕೊಂಡು ಕಂಬದ ಹತ್ತಿರ ಬಂದರು. ಜನ ಇದೇನೆಂದು ಗುಸುಗುಸು ಮಾಡಿದರು. ಮೊದಲನೆಯವನು ಮುಟ್ಟಿ, "ಸೆಣಬು ಸಿಕ್ತು," ಎಂದ. ಎರಡನೆಯವನು, "ಇಲ್ಲೂ ಇದೆ," ಎಂದ. ಹಿರಿಯರು ಕೊನೆಗೆ ಬಂದರು. ಅವರ ಬೆರಳು ಒಂದು ಕಡೆ ದಾಟಿ ಹೋಗಿ, ಮತ್ತೆ ಅಲ್ಲಿಗೇ ವಾಪಸ್ ಬಂತು.

"ಇಲ್ಲಿ ಸತತ ಮೂರು ದಾಟು ಒಳಗೇ ಹೋಗಿದೆಯಲ್ಲ. ಯಾರ್ದು ತಪ್ಪು?"

ಅಧ್ಯಕ್ಷರು ಮುಂದೆ ಬಂದು, "ಇರ್ಲಿ ಬಿಡಿ ಯಜಮಾನ್ರೇ, ಪಾಪ, ಅಷ್ಟು ಮಾಡಿರೋದೇ ಹೆಚ್ಚು," ಎಂದರು. ನನ್ನದೇ ತಪ್ಪು ಎಂದುಬಿಡಲು ನನ್ನ ನಾಲಿಗೆಯೂ ಎದ್ದಿತ್ತು. ಒಂದು ಮಾತು, ಯಾರಿಗೂ ನಷ್ಟವಿಲ್ಲ. ಆದರೆ ಹಾಗೆ ಹೇಳಿದರೆ ಆ ಹಗ್ಗವನ್ನು ಮತ್ತೆ ಅಡಿಗೆ ತಳ್ಳಿದಂತೆ ಆಗುತ್ತಿತ್ತು.

"ಇವನದೇ," ಎಂದೆ. "ಹೊರಗೆ ಬರ್ಬೇಕಿತ್ತು, ಒಳಗ್ ಬಂದ."

ಹನ್ನೆರಡೂ ಜನ ಘೊಳ್ಳೆಂದು ನಕ್ಕರು. "ಕುರ್ಚೀಲೂ ಇವನದು ಇದೇ ಕತೆ," ಎಂದ ಒಬ್ಬ.

"ಚಪ್ಪಾಳೆ ಹೊಡೆದ್ರು, ಕೋಲು ಕೇಳಿಸ್ಲಿಲ್ಲ," ಎಂದ ಬೆತ್ತದಣ್ಣ.

"ಶೆಡ್ ಮುಂದೆ ದಿನಾ ಲಾರಿ ಹಾರನ್ ಹೊಡೀತಾವೆ. ನೆಪ ಹೇಳ್ಬೇಡ," ಎಂದರು ಹಿರಿಯರು. "ಮಿಕ್ಕಿದ್ದು ಚೆನ್ನಾಗಿದೆ. ಬಿಚ್ರಿ."

ಅವನ ಮುಖಕ್ಕೆ ಬಣ್ಣ ವಾಪಸ್ ಬಂದದ್ದು ಆಗ. ತಪ್ಪು ಹೆಣಿಗೆಯನ್ನು ಬಿಚ್ಚುವಾಗ ಅದೇ ತಪ್ಪನ್ನು ಅದೇ ಜಾಗದಲ್ಲಿ ಇಬ್ಬರೂ ಸೇರಿ ಇನ್ನೊಂದು ಸಲ ಮಾಡಬೇಕು, ಇಲ್ಲದಿದ್ದರೆ ಗಂಟು ಬೀಳುತ್ತದೆ. ಅವನು ನನ್ನ ಹತ್ತಿರ ಬಾಗಿ, "ಎಣಿಸ್ಕೊಂಡಿದೀನಿ. ನಾನ್ ಒಳಗೇ ಬರ್ತೀನಿ, ನೀನ್ ಎತ್ತು," ಎಂದ. ಹಿಂದಕ್ಕೆ ಕುಣಿಯುತ್ತಾ ಆ ಜಾಗಕ್ಕೆ ಬಂದೆವು. ಅವನ ಕೋಲು ನನ್ನ ಕೋಲಿಗೆ ಠಪ್ಪೆಂದು ಬಿತ್ತು. ನಾನು ಎತ್ತಿದೆ, ಅವನು ಬಗ್ಗಿದ, ಹಗ್ಗ ಬಿಟ್ಟುಕೊಂಡಿತು. ಸ್ವಲ್ಪ ಹೊತ್ತಿಗೆಲ್ಲ ಕಂಬ ಬೋಳಾಗಿ ನಿಂತಿತು.

"ಇನ್ನೊಂದ್ ಸಲ ಕಟ್ರಪ್ಪ," ಎಂದರು ಹಿರಿಯರು, ಕೂತಲ್ಲಿಂದಲೇ. "ಈ ಸಲ ಸರಿಯಾಗಿ."

ಅಧ್ಯಕ್ಷರು ಮುಂದಿನ ಕಾರ್ಯಕ್ರಮ ಎನ್ನುತ್ತಾ ಮೈಕು ಎತ್ತಿಕೊಂಡರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ಕೆಳಗಿಟ್ಟೆ, ಪದ ಹೇಳುವವರಿಗೆ ಸನ್ನೆ ಮಾಡಿದೆ. ಬೆತ್ತದಣ್ಣ ಆಗಲೇ ಹಗ್ಗ ಎಳೆದು ಬಿಗಿ ಮಾಡಿಕೊಂಡು ನಿಂತಿದ್ದ.