ಕೆಟ್ಟು ನಿಂತವರ ಅಕ್ಕ

ಆಗಷ್ಟೇ ಬೆಳಕು ಹರಿಯುತ್ತಿದೆ. ಮೂರನೇ ಮಹಡಿಯ ಉದ್ದನೆಯ ಹಾಲ್‌ನಲ್ಲಿ ರಾತ್ರಿ ಪಾಳಿಯವರು ಆಕಳಿಸುತ್ತ ಏಳುತ್ತಿದ್ದಾರೆ. ಅಕ್ಕ ಕುರ್ಚಿಯ ಎತ್ತರ ಸರಿಮಾಡಿಕೊಂಡು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು, ಹೆಡ್‌ಫೋನ್ ಕಿವಿಗೇರಿಸುತ್ತಾರೆ. ಮೊದಲ ಗುಟುಕು ಗಂಟಲಿಗಿಳಿಯುವ ಮುಂಚೆಯೇ ಕರೆ.

“ಕಾರು ನಿಂತುಬಿಟ್ಟಿದೆ ಮೇಡಂ,” ಎನ್ನುತ್ತದೆ ಗಂಡಸಿನ ದನಿ.

“ಎಲ್ಲಿದ್ದೀರಿ ಸರ್?”

“ರಸ್ತೆ ಮೇಲೆ.”

“ಒಳ್ಳೇದು. ಯಾವ ರಸ್ತೆ?”

ಹಿನ್ನೆಲೆಯಲ್ಲಿ ಹೆಂಗಸಿನ ದನಿ: “ಪೆಟ್ರೋಲ್ ಹಾಕಿಸಿ ಅಂತ ಆಗಲೇ ಬಡ್ಕೊಂಡೆ.”

“ಸರ್, ಪೆಟ್ರೋಲ್ ಮುಳ್ಳು ಎಲ್ಲಿದೆ ನೋಡ್ತೀರಾ?”

ಕಾರಿನ ಬಾಗಿಲು ತೆರೆದು ಮುಚ್ಚಿದ ಸದ್ದು. ಆಮೇಲೆ ಪಿಸುಮಾತು: “ಮೇಡಂ, ಏನೋ ದೊಡ್ಡ ತೊಂದರೆ ಅಂತ ಹೇಳೋಕಾಗುತ್ತಾ? ಸ್ಪೀಕರ್ ಹಾಕ್ತೀನಿ.”

ಅಕ್ಕ ಹಾಗೆ ಹೇಳುವುದಿಲ್ಲ. ಆದರೆ ಹೀಗೆ ಕೇಳಿಕೊಂಡವರನ್ನು ಬಿಟ್ಟುಕೊಡುವುದೂ ಇಲ್ಲ. ರಸ್ತೆ ಯಾವುದೆಂದು ಕೇಳಿ ಬರೆದುಕೊಂಡು, “ಗಾಡಿ ಕಳಿಸ್ತೀನಿ ಸರ್, ಕಾರಿನಿಂದ ಇಳಿದು ರಸ್ತೆಯಿಂದ ದೂರ ನಿಂತ್ಕೊಳ್ಳಿ,” ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ.

ವರ್ಷಕ್ಕೊಮ್ಮೆ ಹಣ ಕಟ್ಟಿದವರ ಕಾರು ದಾರಿಯಲ್ಲಿ ಕೆಟ್ಟರೆ ನೆರವಿಗೆ ಗಾಡಿ ಕಳಿಸುವ ಕಂಪನಿ ಇದು. ಈ ಏರ್ಪಾಟಿಗೆ ಬ್ರೇಕ್‌ಡೌನ್ ಕವರ್ ಎಂದು ಹೆಸರು. ಜನರ ಬಾಯಲ್ಲಿ ಬರೀ ‘ಕವರ್’. ಗಾಡಿ ಹೋಗುವುದು ಎಲ್ಲರಿಗೂ ಕಾಣುತ್ತದೆ, ಕಳಿಸಿದವರು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದೆ ಸಿನಿಮಾ ಮಂದಿರದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ಅಕ್ಕ, ಅದಕ್ಕೆ ಬೀಗ ಬಿದ್ದ ಮೇಲೆ ಇಲ್ಲಿಗೆ ಬಂದರು. “ಅಲ್ಲಿ ಹೌಸ್‌ಫುಲ್ ಅಂದ್ರೆ ಬೈತಿದ್ರು. ಇಲ್ಲಿ ಫೋನ್ ಎತ್ತಿದ ತಕ್ಷಣ ಬೈತಾರೆ. ಕಾರನ್ನ ಕೆಡಿಸಿದ್ದು ನಾನೇ ಅನ್ನೋ ಹಾಗೆ,” ಎಂದು ನಗುತ್ತಾರೆ. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಮನೆಯಲ್ಲಿ ಸನ್ನೆಯಲ್ಲೇ ಅಡುಗೆಗೆ ಉಪ್ಪು ಕೇಳುತ್ತಾರಂತೆ. ಅಂದಹಾಗೆ, ಅಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ.

ಬಂಧುಗಳು ಸೇರಿದಲ್ಲೆಲ್ಲ ಅವರಿಗೆ ಒಂದೇ ಪ್ರಶ್ನೆ: ಕವರ್‌ಗೆ ದುಡ್ಡು ಕಟ್ಟೋದು ದಂಡ ಅಲ್ವಾ? ಅಕ್ಕ ಕಂಪನಿಯ ಮುಖ ನೋಡಿ ಉತ್ತರಿಸುವವರಲ್ಲ. “ಹೊಸ ಕಾರಾದ್ರೆ ಮಾರಿದೋರೇ ಕೊಟ್ಟಿರ್ತಾರೆ, ಮೊದಲು ಅದನ್ನ ನೋಡಿ, ಎರಡೆರಡು ಸಲ ಕಟ್ಟಬೇಡಿ. ಮನೆಯಿಂದ ಮಾರ್ಕೆಟ್ಟಿಗೆ ಮಾತ್ರ ಹೋಗೋ ಕಾರು, ಬೀದಿ ಕೊನೇಲಿ ಮೆಕ್ಯಾನಿಕ್ ಇದ್ದಾನೆ ಅಂದ್ರೆ ಬೇಡವೇ ಬೇಡ. ಹಳೇ ಕಾರು, ದೂರದ ದಾರಿ, ಜೊತೇಲಿ ವಯಸ್ಸಾದೋರು ಇದ್ರೆ ಮಾತ್ರ ಕಣ್ಮುಚ್ಕೊಂಡು ಕಟ್ಟಿ.”

ಈ ಬುದ್ಧಿಮಾತು ಹಿಡಿಸದೇ ಹೋದದ್ದು ಒಬ್ಬರಿಗೇ, ಅವರ ಯಜಮಾನರಿಗೆ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವರದು. ಕಾರು ಮಗಳಿಗಿಂತ ಹಳೆಯದು, ಅದರ ಮೇಲಿನ ಮುದ್ದು ಮಾತ್ರ ಇನ್ನೂ ಹೊಸದು. “ಕವರ್ ತಗೊಂಡ್ರೆ ಕಾರಿನ ಮೇಲೆ ಅಪನಂಬಿಕೆ ಪಟ್ಟ ಹಾಗೆ ಕಣೇ. ಅದು ಇವತ್ತಿನವರೆಗೂ ನನಗೆ ಕೈಕೊಟ್ಟಿಲ್ಲ,” ಎನ್ನುತ್ತಿದ್ದರು.

ಕೈಕೊಟ್ಟಿತು. ಕಳೆದ ವರ್ಷ ಅಕ್ಕನ ತಾಯಿಗೆ ಕಣ್ಣಿನ ಆಪರೇಷನ್. ತಿಂಗಳುಗಟ್ಟಲೆ ಕಾದ ಮೇಲೆ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಸರದಿ ಸಿಕ್ಕಿತ್ತು. ಆ ಬೆಳಿಗ್ಗೆ ತಪ್ಪಿದರೆ ಮತ್ತೆ ಸಾಲಿನ ಕೊನೆಗೆ. ಅಕ್ಕನಿಗೆ ರಜೆ ಸಿಗಲಿಲ್ಲ, ಅಳಿಯನೇ ಅತ್ತೆಯನ್ನು ಕೂರಿಸಿಕೊಂಡು ಹೊರಟರು. ಊರು ದಾಟಿ ಸೇತುವೆ ಬರುವಷ್ಟರಲ್ಲಿ ಕಾರು ಕೆಮ್ಮಿ ನಿಂತಿತು. ಬಾಡಿಗೆ ಕಾರಿನವರು ಅಷ್ಟು ದೂರ ಬರಲು ಒಪ್ಪಲಿಲ್ಲ. ಹೆಂಡತಿಗೆ ಫೋನ್ ಮಾಡಲು ಮುಖವಿಲ್ಲದೆ ಯಜಮಾನರು ಕಂಪನಿಗೇ ಮಾಡಿದರು. ಅಷ್ಟು ಜನರಿರುವ ಹಾಲ್‌ನಲ್ಲಿ ಕರೆ ಬಂದು ಬಿದ್ದದ್ದು ಅಕ್ಕನ ಕಿವಿಗೇ.

“ಮೇಡಂ, ನಾನು ನಿಮ್ಮ ಹಳೇ ಸದಸ್ಯ. ಕಾರ್ಡು ಮನೇಲಿ ಬಿಟ್ಟು ಬಂದಿದ್ದೀನಿ.”

ಗಂಡನ ದನಿ ಅಕ್ಕನಿಗೆ ತಿಳಿಯದೇ? ಆದರೆ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಕಚೇರಿಯ ದನಿಯಲ್ಲೇ ಕೇಳಿದರು: “ಜೊತೆಯಲ್ಲಿ ಯಾರಿದ್ದಾರೆ ಸರ್?”

“ನಮ್ಮ ಅತ್ತೆ.”

“ಅವರಿಗೆ ಏನಾದರೂ ತೊಂದರೆ ಇದೆಯಾ?”

“ತೊಂದರೆ ಅವರಿಗಲ್ಲ ಮೇಡಂ, ನನಗೆ.”

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಕೇಳಿಸಿತು: “ಅಳಿಯಂದಿರೇ, ನನಗೆ ಕಣ್ಣು ಮಂಜಾಗಿರಬಹುದು, ಕಿವಿ ಚೆನ್ನಾಗಿದೆ. ಅದು ನನ್ನ ಮಗಳು.”

ಅಕ್ಕ ನಗು ತಡೆದುಕೊಂಡು ಪರದೆಯ ಮೇಲೆ ಹತ್ತಿರದ ಗಾಡಿ ಹುಡುಕಿದರು. ಸದಸ್ಯರಲ್ಲದವರೂ ಕೈಯಿಂದ ಹಣ ಕೊಟ್ಟು ಗಾಡಿ ಕರೆಸಬಹುದು, ಆದರೆ ಸದಸ್ಯರ ಸರದಿ ಮುಗಿದ ಮೇಲೆ. ಆ ದಾರಿಯಲ್ಲಿದ್ದದ್ದು ಒಂದೇ ಗಾಡಿ, ಅದು ಟೈರ್ ಪಂಕ್ಚರಾದ ಸದಸ್ಯರೊಬ್ಬರತ್ತ ಹೊರಟಿತ್ತು. ಒಂದು ಗುಂಡಿ ಒತ್ತಿದರೆ ಸರದಿ ಅದಲುಬದಲು, ಯಾರಿಗೂ ಗೊತ್ತಾಗುವುದಿಲ್ಲ. “ಬೆರಳು ಗುಂಡಿ ಮೇಲೇ ಇತ್ತು. ಅಲ್ಲಿ ನಿಂತಿರೋರ ಮನೇಲೂ ಯಾರಿಗಾದ್ರೂ ಹುಷಾರಿಲ್ದೆ ಇದ್ರೆ? ಒತ್ತಕ್ಕೆ ಆಗ್ಲಿಲ್ಲ,” ಎನ್ನುತ್ತಾರೆ.

ಮೇಲಧಿಕಾರಿಗೆ ಹೇಳಿ, ಆ ಸದಸ್ಯರಿಗೇ ಫೋನ್ ಮಾಡಿದರು. ಕಾಯುತ್ತಿರುವುದು ತನ್ನ ತಾಯಿ ಎಂಬುದನ್ನೂ ಮುಚ್ಚಿಡದೆ, “ಸ್ವಲ್ಪ ಹೊತ್ತು ಕಾಯಲು ನಿಮಗೆ ಒಪ್ಪಿಗೆಯಾ ಸರ್?” ಎಂದು ಕೇಳಿದರು.

“ಸ್ವಲ್ಪ ಹೊತ್ತು ಯಾಕಮ್ಮ, ನಿಧಾನವಾಗಿ ಬರಲಿ. ನಾವು ಹೊರಟಿರೋದು ನನ್ನ ಭಾವಮೈದುನನ ಮನೆಗೆ.”

ಅಕ್ಕನ ತಾಯಿ ಗಾಡಿಯ ಎತ್ತರದ ಸೀಟಿನಲ್ಲಿ ರಾಣಿಯ ಹಾಗೆ ಕುಳಿತು ಆಸ್ಪತ್ರೆ ತಲುಪಿದರು. ಅಳಿಯ ಅವರಿಗೂ ಡ್ರೈವರಿಗೂ ನಡುವೆ ಉಸಿರು ಬಿಗಿಹಿಡಿದು ಕುಳಿತಿದ್ದರು, ಹಿಂದೆ ಅವರ ಮುದ್ದಿನ ಕಾರು ಮೂತಿ ಎತ್ತಿಕೊಂಡು ಬರುತ್ತಿತ್ತು. ಆಪರೇಷನ್ ಆಯಿತು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಹೊರಬಂದ ತಾಯಿ, ರಿಪೇರಿಯಾಗಿ ಬಂದು ನಿಂತಿದ್ದ ಕಾರನ್ನು ಸುತ್ತುಹಾಕಿ ನೋಡಿದರು. ಬಾಗಿಲಿನ ತುಕ್ಕನ್ನು ಬೆರಳಲ್ಲಿ ಮುಟ್ಟಿದರು.

“ಅಳಿಯಂದಿರೇ, ಇಷ್ಟು ದಿನ ನೀವು ನನ್ನ ಕೂರಿಸ್ಕೊಂಡು ಹೋಗ್ತಿದ್ದದ್ದು ಇದರಲ್ಲೇನಾ?”

ಆ ಸಂಜೆ ಯಜಮಾನರು ಗೋಡೆ ನೋಡಿಕೊಂಡು ಕೇಳಿದರಂತೆ, “ಅದೇನೋ ಕವರ್ ಅಂತ ಇದೆಯಲ್ಲ, ಅದಕ್ಕೆ ಹೇಗೆ ಸೇರೋದು?” ಅಕ್ಕ ಸೌಟು ಕೆಳಗಿಟ್ಟು, “ಕರೆ ಮಾಡಿದ್ದಕ್ಕೆ ಧನ್ಯವಾದ ಸರ್,” ಎಂದರು.

ಅಲ್ಲಿಂದೀಚೆಗೆ ಕಾರು ಒಮ್ಮೆಯೂ ಕೆಟ್ಟಿಲ್ಲ. ಯಜಮಾನರಿಗೆ ಅದೇ ಸಂಕಟ. “ನೋಡು, ಕಟ್ಟಿದ್ದು ದಂಡವಾಯ್ತು,” ಎಂದು ದಿನಾ ಗೊಣಗುತ್ತಾರೆ. ಈ ವರ್ಷವೂ ಕಟ್ಟಬೇಕೇ ಬೇಡವೇ ಎಂಬ ಚರ್ಚೆ ಊಟದ ಹೊತ್ತಿಗೆ ನಡೆಯುತ್ತಲೇ ಇದೆ. ಅಕ್ಕ ಬಾಯಿ ಹಾಕುವುದಿಲ್ಲ, ಅವರ ತಾಯಿ ಹಾಕುತ್ತಾರೆ.

ಪಾಳಿ ಮುಗಿಯುತ್ತ ಬಂದಿದೆ. ನಿಮಗೇನು ಆಸೆ ಎಂದು ಕೇಳಿದರೆ ಅಕ್ಕ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಯೋಚಿಸುತ್ತಾರೆ. “ನನಗೆ ಫೋನ್ ಮಾಡೋರೆಲ್ಲ ದಾರೀಲಿ ಸಿಕ್ಕಾಕ್ಕೊಂಡೋರೇ. ಆಮೇಲೆ ಅವರೇನಾದ್ರೋ ನನಗೆ ಗೊತ್ತಾಗಲ್ಲ. ಒಬ್ರಾದ್ರೂ ‘ಮನೆ ಸೇರ್ಕೊಂಡ್ವಿ’ ಅಂತ ಒಂದು ಫೋನ್ ಮಾಡ್ಲಿ. ಬೇಕಾದ್ರೆ ಆಮೇಲೆ ಬೈಲಿ.”